ಅಪ್ಪನ ರಕ್ತನಾಳ

ಅಕ್ಕ, ನಮಸ್ಕಾರ. ಸುಖವಾಗಿ ಸೇರಿದೆ, ಕೊಡೆ ಮಾತ್ರ ಬಸ್ಸಿನಲ್ಲೇ ಉಳಿಯಿತು.

ಈ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಯಾರದೋ ರಕ್ತನಾಳದ ಚೂರೊಂದನ್ನು ದಾರ ಕಟ್ಟಿ ಬೆಚ್ಚನೆಯ ಉಪ್ಪುನೀರಿನಲ್ಲಿ ಇಳಿಬಿಟ್ಟಿದ್ದಾರೆ. ಒಂದು ಹನಿ ಔಷಧಿ ಬಿದ್ದರೆ ಮುಟ್ಟಿದ ಬಸವನಹುಳುವಿನಂತೆ ಕುಗ್ಗುತ್ತದೆ. ಹಾಗೆ ಕುಗ್ಗಿಸುವುದು ನಾಳದೊಳಗೇ ಇರುವ ಒಂದು ಕಿಣ್ವವಂತೆ. ಅದನ್ನು ತಯಾರಿಸುವ ಜೀನು ನನ್ನಲ್ಲಿ ಕೆಟ್ಟಿದೆ, ಅಪ್ಪನಿಂದಲೇ ಬಂದದ್ದು. ಅವರ ಎದೆಯ ದೊಡ್ಡ ರಕ್ತನಾಳ ವರ್ಷಗಟ್ಟಲೆ ಸಡಿಲವಾಗುತ್ತಾ ಬಂದು ಒಡೆಯಿತಂತೆ.

ನೀನು ಹೇಳದೆ ಮದುವೆಯಾದದ್ದೇ ಅಪ್ಪನನ್ನು ಕೊಂದಿತು ಎನ್ನುವ ದೊಡ್ಡಮ್ಮನ ಮಾತನ್ನೂ ಡಾಕ್ಟರಿಗೆ ಹೇಳಿದೆ. "ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?" ಅಂದರು.

ನನಗೆ ದಿನಕ್ಕೊಂದು ಮಾತ್ರೆ, ಭಾರ ಎತ್ತುವಂತಿಲ್ಲ. ನೀನೂ ರಕ್ತ ಪರೀಕ್ಷೆ ಮಾಡಿಸು.

ಲಕೋಟೆ ಸಿಗುತ್ತಿತ್ತು. ಬೇಕೆಂದೇ ತೆರೆದ ಕಾರ್ಡಿನಲ್ಲಿ ಬರೆದು, ನಿನ್ನ ಮನೆಗಲ್ಲ, ದೊಡ್ಡಮ್ಮನ ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ.

ಇಂತಿ, ತಮ್ಮ.

ದೊಡ್ಡಮ್ಮ, ಓದಿ ಆದಮೇಲೆ ಅಕ್ಕನಿಗೆ ಕೊಡಿ.