ಬಸವನಹುಳು ಕಚ್ಚಿದ ಅಣಬೆ

ಅಮ್ಮಾ,

ನೀನು ಹೋಗಿ ನಾಲ್ಕು ತಿಂಗಳಾಯಿತು. ನನ್ನ ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ಮಗಳು ಮಲಗಿದರೆ ಅವಳ ಉಸಿರು ಎಣಿಸುತ್ತೇನೆ, ಎದ್ದರೆ ಉಗುರಿನ ಬಣ್ಣ ನೋಡುತ್ತೇನೆ. ನಿನಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ.

ಬಸುರಿಯಾಗಿದ್ದಾಗ ನನಗೆ ರಕ್ತ ಕಡಿಮೆ ಎಂದು ಡಾಕ್ಟರ್ ಹೇಳಿದ ಮರುದಿನವೇ ನೀನು ಬುಟ್ಟಿ ಹಿಡಿದು ಹೊರಟೆ. ಅಪ್ಪ ದುಡಿದ, ಈಗ ಮುಚ್ಚಿಹೋದ ಸೀಸದ ಕಾರ್ಖಾನೆಯ ಹಿಂಗೋಡೆಗೆ. ಅಲ್ಲಿನಷ್ಟು ಕೊಬ್ಬಿದ ಅಣಬೆ ಎಲ್ಲೂ ಇಲ್ಲ ಎಂಬುದು ನಿನ್ನ ಹೆಮ್ಮೆ. ಬಸವನಹುಳು ಕಚ್ಚಿದ್ದನ್ನೇ ಆರಿಸುತ್ತಿದ್ದೆ ನೀನು. "ಹುಳಕ್ಕೆ ಬುದ್ಧಿ ಇದೆ ಕಣೇ, ನಿನ್ನ ಹಾಗೆ ಓದಿ ಕೆಟ್ಟಿಲ್ಲ. ಅದು ತಿಂದು ಬದುಕಿದ್ರೆ ನಾವೂ ಬದುಕ್ತೀವಿ." ಏಳು ನೀರಲ್ಲಿ ತೊಳೆದು, ಹುರಿದು ತಟ್ಟೆಗೆ ಬಡಿಸಿ, "ಇದ್ರಲ್ಲಿ ಕಬ್ಬಿಣ ಇದೆ ಅಂತ ನೀನೇ ಹೇಳಿದ್ದು. ತಿನ್ನು ಮತ್ತೆ" ಎನ್ನುತ್ತಿದ್ದೆ.

ಹೌದು, ನಾನೇ ಹೇಳಿದ್ದು. ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅರ್ಧ ಮಾತ್ರ ಹೇಳಿದೆ. ಅಣಬೆ ಮಣ್ಣಿನ ಕೆಟ್ಟ ಲೋಹವನ್ನೂ ಹೀರಿ ಒಳಗಿಟ್ಟುಕೊಳ್ಳುತ್ತದೆ, ತೊಳೆದರೆ ಹೋಗುವುದಲ್ಲ ಎಂಬುದು ನಾಲಿಗೆ ತುದಿಯಲ್ಲಿತ್ತು. ನಿನ್ನ ಸೀರೆಯ ಮಂಡಿಗೆ ಮೆತ್ತಿದ ಮಣ್ಣು ನೋಡಿ ನುಂಗಿಕೊಂಡೆ. ಮಾತನ್ನೂ, ಅಣಬೆಯನ್ನೂ.

ನೀನು ಹೋದ ಮೇಲೆ, ನೀನು ಅಣಬೆ ಒಣಗಿಸಿಟ್ಟ ಡಬ್ಬಿಯಿಂದ ಒಂದು ಹಿಡಿ ಲ್ಯಾಬಿಗೆ ಒಯ್ದೆ. ಪುಡಿ ಮಾಡುವಾಗ ನಿನ್ನ ಅಡುಗೆಮನೆಯ ವಾಸನೆ ಎದ್ದಿತು. ಬೆನ್ನ ಹಿಂದೆ ನೀನು ನಿಂತಂತಾಗಿ ತಿರುಗಿ ನೋಡಿದೆ. ವರದಿಯಲ್ಲಿ ಕಬ್ಬಿಣ, ಸತು, ಪೊಟ್ಯಾಸಿಯಂ ಎಲ್ಲ ಧಾರಾಳ. ಕೆಳಗಿನ ಸಾಲಿನಲ್ಲಿ ಸೀಸ, ಕ್ಯಾಡ್ಮಿಯಂ. ಮಿತಿಗಿಂತ ಎಷ್ಟೋ ಪಟ್ಟು. ಕ್ಯಾಡ್ಮಿಯಂ ಕಿಡ್ನಿಯಲ್ಲಿ ಕೂತರೆ ಹತ್ತಾರು ವರ್ಷ ಏಳುವುದಿಲ್ಲ. ನಿನ್ನ ಜೀವ ತೆಗೆದ ಕಿಡ್ನಿ ರೋಗ ಬಂದಿದ್ದು ಅದರಿಂದಲೇ ಎಂದು ಯಾರೂ ಹೇಳಿಲ್ಲ. ಅಲ್ಲ ಎಂದೂ ಹೇಳಿಲ್ಲ.

ಮಗುವಿನ ರಕ್ತ ಪರೀಕ್ಷೆಗೆ ಕೊಟ್ಟೆವು. "ಇಲ್ಲದ ಭೂತಾನ ಮನೆಗೆ ಕರೀತಿದ್ದೀಯ" ಎಂದರು ನಿನ್ನ ಅಳಿಯ. ಇತ್ತು. ಸೀಸ ಸ್ವಲ್ಪ ಇದೆ, ಔಷಧಿ ಬೇಕಾಗುವಷ್ಟಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡೋಣ, ಮಗುವಿಗೆ ಆರು ತಿಂಗಳಾಯಿತಲ್ಲ, ಗಂಜಿ ಶುರುಮಾಡಿ ಎಂದರು ಡಾಕ್ಟರ್.

ಇವತ್ತು ಬೆಳಿಗ್ಗೆ ಮೊದಲ ಚಮಚ. ಎರಡು ಸಲ ಬಟ್ಟಲಿಗೇ ವಾಪಸ್ ಸುರಿದೆ. ಅವಳು ಚಮಚದಲ್ಲಿ ಏನಿದೆ ಎಂದು ನೋಡಲಿಲ್ಲ ಅಮ್ಮ. ನನ್ನ ಮುಖ ನೋಡುತ್ತಲೇ ಬಾಯಿ ತೆರೆದಳು.

ನಿನಗೆ ಅಲ್ಲಿ ನೋವಿರದಿರಲಿ. ಒಮ್ಮೆ ಬಂದು ಇವಳ ನೆತ್ತಿ ಮುಟ್ಟಿ ಹರಸಿ ಹೋಗು. ಬರಿಗೈಯಲ್ಲಿ ಬಾ.

ನಿನ್ನ ಕೈತುತ್ತು ತಿಂದು ಬೆಳೆದ,
ಮಗಳು