ಎರಡನೇ ಸಮೀಕರಣ

ರೀ,

ಮಗಳು ಇವತ್ತು ಬೀಜಗಣಿತ ಮಾಡುತ್ತಿದ್ದಳು. ಎಕ್ಸ್, ವೈ ಕೂಡಿದರೆ ಹತ್ತು. ನಾನು ಮಹಾ ಜಾಣೆಯಂತೆ, "ಐದು, ಐದು" ಎಂದೆ. ನಕ್ಕುಬಿಟ್ಟಳು.

"ಅಯ್ಯೋ ಅಮ್ಮಾ, ನಾಲ್ಕು-ಆರೂ ಆಗತ್ತೆ, ಅರ್ಧ-ಒಂಬತ್ತೂವರೆನೂ ಆಗತ್ತೆ. ಎಕ್ಸ್ ಬದಲಾದ್ರೆ ವೈನೂ ಬದಲಾಗತ್ತೆ. ಉತ್ತರಕ್ಕೆ ಕೊನೇನೇ ಇಲ್ಲ. ಇನ್ನೊಂದು ಸಮೀಕರಣ ಸಿಕ್ರೆ ಮಾತ್ರ ಒಂದೇ ಉತ್ತರ."

ನೀವು ಕಾಣೆಯಾದ ಮೇಲೆ ನನಗೆ ಗೊತ್ತಿದ್ದದ್ದೂ ಒಂದೇ: ನೀಲಿ ಅಂಗಿ ತೊಟ್ಟು ಹೊರಟಿರಿ. ಅಷ್ಟರಿಂದ ನೀವು ಎಲ್ಲಿ ಬೇಕಾದರೂ ಇರಬಹುದಿತ್ತು. ಅದೇ ನನ್ನ ಧೈರ್ಯವಾಗಿತ್ತು.

ಸಂಜೆ ಪೊಲೀಸಿನವರು ಬಂದರು. "ನದೀಲಿ ಒಂದು ನೀಲಿ ಅಂಗಿ ಸಿಕ್ಕಿದೆಯಮ್ಮ. ನಾಳೆ ಬಂದು ನೋಡಿ" ಎಂದರು.

ನಿಮ್ಮ ಅಂಗಿಗೆ ಒಂದು ಗುಂಡಿ ಇರಲಿಲ್ಲ. ಹಾಕಿಕೊಡು ಎಂದು ಕೇಳಿದ್ದಿರಿ. ದಾರ ಪೋಣಿಸಿದ ಸೂಜಿ ಇನ್ನೂ ಕ್ಯಾಲೆಂಡರಿಗೆ ಚುಚ್ಚಿಕೊಂಡಿದೆ.

ನಾಳೆ ಆ ಅಂಗಿಯಲ್ಲಿ ಎಲ್ಲ ಗುಂಡಿಗಳೂ ಇರಲಿ.