ಖಾಲಿ ಸೀಟಿನ ಅಳತೆ

ಸೆಪ್ಟೆಂಬರ್ ೧೭, ಗುರುವಾರ

ನಾಟಕದಲ್ಲಿ ರಾಜನ ವೇಷ ಹಾಕಿ ರಂಗದ ಮೇಲೆ ಸಾಮ್ರಾಜ್ಯಗಳನ್ನೇ ಗೆದ್ದ ನಾನು ಇಂದು ಒಂದು ಪ್ಲೈವುಡ್ ಪೆಟ್ಟಿಗೆಗೆ ಸೋತೆ. ನಾನು ಓಡಿಸುವ ಲಾರಿಯಲ್ಲಿ ನನ್ನವಳು ಕೂರುವ ಸೀಟಿನ ಕೆಳಗೆ ಸಬ್‌ವೂಫರ್, ಅಂದರೆ ಗುಡುಗಿನಂಥ ಸದ್ದಿನ ದೊಡ್ಡ ಸ್ಪೀಕರು, ಇಡಲೆಂದು ನಾನೇ ಅಳೆದು, ಕೊಯ್ದು, ಅಂಟಿಸಿದ ಪೆಟ್ಟಿಗೆ. ಸಲೀಸಾಗಿ ಒಳಗೆ ಹೋಯಿತು, ಸದ್ದಿಗೆ ಬಾಗಿಲೇ ನಡುಗಿತು. ಬಡಗಿ ಗೆಳೆಯ ಬಂದು ಮೇಲೆ ಕೂತದ್ದೇ ತಡ, ಸೀಟಿನ ಸ್ಪ್ರಿಂಗ್ ಕುಸಿದು ಸ್ಪೀಕರಿಗೆ ಒತ್ತಿತು.

"ಖಾಲಿ ಸೀಟಿನ ಅಳತೆ ತಗೊಂಡಿದ್ದೀಯಲ್ಲೋ ಮಹಾರಾಜ. ಯಾರನ್ನಾದ್ರೂ ಕೂರಿಸಿ ಅಳೀಬೇಕಿತ್ತು."

"ಯಾರನ್ನ ಕೂರಿಸ್ಲಿ?"

ಅವನು ನಗಲಿಲ್ಲ. ತಾಯಿಯ ಆರೈಕೆಗೆಂದು ತವರಿಗೆ ಹೋದವಳು ಬೇಸಿಗೆ ಕಳೆದರೂ ಬಂದಿಲ್ಲ. ನನ್ನ ಕಣ್ಣಿಗೂ ಖಾಲಿ ಸೀಟೇ ರೂಢಿಯಾಗಿಬಿಟ್ಟಿತೇ?

ನಾಳೆ ಪೆಟ್ಟಿಗೆಯನ್ನು ಎರಡು ಬೆರಳು ಗಿಡ್ಡ ಮಾಡುತ್ತೇನೆ. ಗುಡುಗು ತಗ್ಗಿದರೆ ತಗ್ಗಲಿ. ಅವಳು ಬಂದು ಕೂತಾಗ ಆ ಸೀಟು ಮೊದಲಿನ ಹಾಗೆಯೇ ಕುಸಿಯಬೇಕು.